ಸೇಂದಿ: ಮರ ಕಳೆದುಕೊಂಡ ಹೆಸರು

ಈಚಲ ಮರದ ನೆತ್ತಿಯ ಬಳಿ ಕೆತ್ತಿ ಮಡಕೆ ಕಟ್ಟಿದರೆ ರಾತ್ರಿಯಿಡೀ ತೊಟ್ಟಿಕ್ಕುವ ರಸವೇ ಸೇಂದಿ. ಮರಾಠಿಯಲ್ಲಿ ಶಿಂದಿ ಎಂದರೆ ಈಚಲ ಮರವೂ ಹೌದು, ಅದರ ಕಳ್ಳೂ ಹೌದು. ಹಾಗಾಗಿ ಈ ಹೆಸರಿನೊಳಗೇ ಒಂದು ಮರ ನಿಂತಿದೆ. ರಾಯಚೂರು, ದೇವದುರ್ಗ, ಮಾನ್ವಿ ಸೀಮೆ ಮೊದಲು ಹೈದರಾಬಾದ್ ಸಂಸ್ಥಾನಕ್ಕೆ, ಆ ಬಳಿಕ 1956ರ ನವೆಂಬರ್ 1ರವರೆಗೆ ಅದೇ ಹೆಸರಿನ ರಾಜ್ಯಕ್ಕೆ ಸೇರಿತ್ತು. ಅಲ್ಲಿನ ಕಚೇರಿಯ ಉರ್ದುವಿನಲ್ಲಿ ಈಚಲಿನದು ಸೇಂದಿ, ತಾಳೆಯದು ತಾಡಿ. ಇವೆರಡರ ಲೆಕ್ಕ ನೋಡುವ ಇಲಾಖೆ ಅಬಕಾರಿ. ಪಾರ್ಸಿಯ ‘ಆಬ್’ ಎಂದರೆ ನೀರು. ಇಂಗ್ಲಿಷರ ಟಾಡಿ ಹುಟ್ಟಿದ್ದೂ ತಾಡಿಯಿಂದಲೇ.

ಅಚ್ಚಗನ್ನಡದ ಕಳ್ಳು, ಹೆಂಡಗಳ ಬಾಳು ಬೇರೆ. ಹನ್ನೆರಡನೇ ಶತಮಾನದ ಶರಣ ಹೆಂಡದ ಮಾರಯ್ಯನ ಕಾಯಕ ಹೆಸರಲ್ಲೇ ಇದೆ. ಜಿ.ಪಿ. ರಾಜರತ್ನಂ ಅವರ ರತ್ನನ ಬಾಯಲ್ಲಿ ಅದು ಎಂಡವಾಯಿತು. ಬರಬರುತ್ತ ಹೆಂಡ ಹಿಗ್ಗಿ ಯಾವ ಮದ್ಯಕ್ಕೂ ಸಲ್ಲುವ ಮಾತಾಗಿದೆ. ವಿಸ್ಕಿ ಮಾರುವುದೂ ಹೆಂಡದಂಗಡಿಯೇ. ಸೇಂದಿ ಮಾತ್ರ ಬಹುಕಾಲ ಹಿಗ್ಗಲಿಲ್ಲ, ಮರ ಬಿಟ್ಟು ಕದಲಲಿಲ್ಲ. ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದರೂ ಅನುಮಾನ ತಪ್ಪದೆಂಬ ಗಾದೆ ಇರುವ ನಾಡಿನಲ್ಲಿ ಮರಕ್ಕೂ ರಸಕ್ಕೂ ಅಷ್ಟು ಗಂಟು.

ರುಚಿ ಹೊತ್ತಿನ ಮೇಲೆ ನಿಂತಿದೆ. ಮಡಕೆಗೆ ಸುಣ್ಣ ಬಳಿದು ಹುಳಿಯದಂತೆ ತಡೆದರೆ ಅದು ನೀರಾ, ಬರೀ ಸಿಹಿ. ಹಾಗೆಯೇ ಬಿಟ್ಟರೆ ಕೆಲವೇ ತಾಸಿನಲ್ಲಿ ಹಾಲಿನಂತೆ ಮಸುಕಾಗಿ ನೊರೆಯೇಳುತ್ತದೆ. ಸಂಜೆಗೆ ಹುಳಿ, ಇನ್ನೂ ಇಟ್ಟರೆ ವಿನೆಗರ್. ಎಳೆಯ ಸೇಂದಿಯ ಸಿಹಿಗೆ ಉಪ್ಪು, ಖಾರ ಹೊಂದುತ್ತವೆ: ಹುರಿದ ಶೇಂಗಾ, ಮಿರ್ಚಿ, ಮಂಡಕ್ಕಿ ಒಗ್ಗರಣೆ. ಹುಳಿ ಏರಿದ ಸೇಂದಿಗೆ ಎಣ್ಣೆಯಲ್ಲಿ ಕರಿದ ಹೊಳೆ ಮೀನೋ, ಮಸಾಲೆಯ ಬೋಟಿಯೋ ಬೇಕು. ಆ ಜಿಡ್ಡನ್ನು ಹುಳಿ ಕಡಿಯುತ್ತದೆ.

ಸ್ಪೇನಿನ ಕೆಂಪು ವರ್ಮುತ್‌ ಜೊತೆಗೆ ಉಪ್ಪಿನಲ್ಲಿಟ್ಟ ಆಲಿವ್, ಪುಟ್ಟ ಮೀನು ಬರುವುದೂ ಇದೇ ಲೆಕ್ಕದಲ್ಲಿ. ಸಿಹಿ ಕಹಿ ಬೆರೆತ ಪಾನಕ್ಕೆ ಉಪ್ಪಿನ ಎದುರು. ಆ ಹೆಸರಲ್ಲೂ ಒಂದು ಗಿಡವಿದೆ. ಜರ್ಮನ್ನಿನ ವೆರ್ಮುಟ್ ಎಂದರೆ ಒಂದು ಕಹಿ ಗಿಡ. ಚೈತ್ರದಲ್ಲಿ ದೇವರಿಗೆ ಏರಿಸುವ ದವನ ಅದರ ಕುಲದ್ದೇ. ಸ್ಪೇನಿನಲ್ಲಿ ವರ್ಮುತ್ ಈಗ ಪಾನದ ಹೆಸರಷ್ಟೇ ಅಲ್ಲ, ಮಧ್ಯಾಹ್ನದ ಊಟಕ್ಕೆ ಮುಂಚಿನ ಹರಟೆಯ ಹೊತ್ತಿಗೂ ಅದೇ ಹೆಸರು. ಅರ್ಥ ಎಷ್ಟೇ ಹರಡಲಿ, ಯುರೋಪಿನ ಒಕ್ಕೂಟದ 2014ರ ಕಟ್ಟಳೆ ಗಿಡವನ್ನು ಬಿಟ್ಟುಕೊಟ್ಟಿಲ್ಲ: ಆ ಕುಲದ ಗಿಡದ ರುಚಿಯಿಲ್ಲದ ಪಾನಕ್ಕೆ ವರ್ಮುತ್ ಎಂಬ ಹೆಸರಿಡುವಂತಿಲ್ಲ, ಮುಕ್ಕಾಲು ಪಾಲಾದರೂ ವೈನ್ ಇರಬೇಕು.

ಸೇಂದಿಗೆ ಅಂಥ ಕಾವಲು ಇರಲಿಲ್ಲ. ರಾಯಚೂರು ಸೀಮೆಯಲ್ಲಿ ಕದ್ದು ಮಾರುವ ಸೇಂದಿಯಲ್ಲಿ ಈಚಲನ್ನೇ ಹುಡುಕಬೇಕು. ಊರ ಬಾಯಲ್ಲೂ ಪೊಲೀಸ್ ಕಡತದಲ್ಲೂ ‘ಸಿ.ಎಚ್. ಪೌಡರ್’ ಎನಿಸಿಕೊಳ್ಳುವ ಕ್ಲೋರಲ್ ಹೈಡ್ರೇಟ್ 1832ರಲ್ಲಿ ಜರ್ಮನಿಯ ಲೀಬಿಗ್ ಮೊದಲು ತಯಾರಿಸಿದ ರಾಸಾಯನಿಕ. ನಿದ್ದೆ ಬರಿಸುವ ಔಷಧವಾಗಿ ಬಳಕೆಗೆ ಬಂದದ್ದು 1869ರಲ್ಲಿ. ಅದನ್ನು ನೀರಿಗೆ ಬೆರೆಸಿ, ಸಿಹಿಗೊಂದಿಷ್ಟು ಸ್ಯಾಕರಿನ್, ಬಿಳುಪಿಗೆ ಮತ್ತೇನೋ ಸೇರಿಸಿದರೆ ಸೇಂದಿ ತಯಾರು. ಏರುವುದು ಮತ್ತಲ್ಲ, ಮಂಪರು. ಒಮ್ಮೆ ರೂಢಿಯಾದರೆ ಬಿಟ್ಟ ದಿನ ಕೈಕಾಲು ನಡುಗಿ ಚಿತ್ತ ಕೆಡುತ್ತದೆ. ಪತ್ರಿಕೆಗಳು ಇದನ್ನು ‘ಕಲಬೆರಕೆ ಸೇಂದಿ’ ಎನ್ನುತ್ತವೆ. ಮಾತು ಉದಾರವಾಯಿತು. ಕಲಬೆರಕೆ ಎನ್ನಲು ಬೆರಕೆಯಾಗದ ಒಂದಂಶವಾದರೂ ಉಳಿದಿರಬೇಕು.

ಮರದ ಗುರುತು ಕಾಗದದಲ್ಲಿ ಮಾತ್ರ ಗಟ್ಟಿಯಾಗಿದೆ: ರಾಜ್ಯದ ಕಂದಾಯ ದಾಖಲೆಗಳಲ್ಲಿ ಗೋಮಾಳದ ಜೊತೆಗೆ ‘ಸೇಂದಿವನ’ ಎಂಬ ಜಮೀನು ಇಂದಿಗೂ ನಮೂದಾಗುತ್ತದೆ.