ದಳಪತಿ ಸಲಿವನ್: ನಗರ ಕೇಳದ ಒಂದು ಎಚ್ಚರಿಕೆ

ಬೆಂಕಿಯೊಡನೆ ಹೋರಾಡಿ ಮಡಿದವರ ಚರಿತ್ರೆಯೆಂದೊಡನೆ ಉರಿಯುವ ಕಟ್ಟಡ, ಕುಸಿಯುವ ಗೋಡೆ, ಹೊಗೆಯಲ್ಲಿ ಮರೆಯಾದ ಧೀರ, ಇವೇ ನಮ್ಮ ಕಣ್ಣೆದುರು ನಿಲ್ಲುವ ಚಿತ್ರಗಳು. ಅಮೆರಿಕದ ಸಾನ್‌ಫ್ರಾನ್ಸಿಸ್ಕೋ ನಗರದ ಅಗ್ನಿಶಾಮಕ ದಳದ ಮುಖ್ಯಾಧಿಕಾರಿ ಡೆನಿಸ್ ಟಿ. ಸಲಿವನ್ನನ ಮರಣ ಈ ಬಗೆಯದಲ್ಲ. ತನ್ನ ನಗರವನ್ನು ಸುಟ್ಟ ಮಹಾಗ್ನಿಯ ಮೇಲೆ ಒಂದು ಕೊಡ ನೀರನ್ನೂ ಚೆಲ್ಲುವ ಅವಕಾಶ ಅವನಿಗೆ ಒದಗಲಿಲ್ಲ. ಆದರೂ ಕರ್ತವ್ಯದಲ್ಲಿ ಮಡಿದವರ ಸಾಲಿನಲ್ಲಿ ಅವನಿಗೆ ಗೌರವದ ಸ್ಥಾನವುಂಟು. ಅದೇಕೆಂಬುದು ವಿಚಾರಾರ್ಹವಾದ ಪ್ರಶ್ನೆ.

ಡೇವಿಡ್ ಸ್ಕ್ಯಾನಲ್ಲನ ನಿಧನಾನಂತರ, 1893ರಲ್ಲಿ, ಸಲಿವನ್ ದಳದ ಮುಖ್ಯಸ್ಥನಾದನು. ಅವನ ಪಾಲಿಗೆ ಬಂದ ನಗರ ಚಿನ್ನದ ಬೇಟೆಯ ಕಾಲದಲ್ಲಿ ತರಾತುರಿಯಿಂದ ಬೆಳೆದದ್ದು. ಅದರ ಕಟ್ಟಡಗಳಲ್ಲಿ ಬಹುಪಾಲು ಮರದವು. 1849ರಿಂದ 1851ರೊಳಗೆ ಅದು ಆರು ಸಲ ದೊಡ್ಡ ಬೆಂಕಿಗೆ ತುತ್ತಾಗಿತ್ತು. ಆ ಕಾಲದಲ್ಲಿ ಬೀದಿಗಳಡಿಯಲ್ಲಿ ಕಟ್ಟಿದ್ದ ನೀರ್ತೊಟ್ಟಿಗಳು, ಕೊಳವೆಯ ನೀರು ಬಂದಮೇಲೆ, ಅಲಕ್ಷ್ಯಕ್ಕೊಳಗಾದುವು. ಅವನ್ನು ದುರಸ್ತಿಗೊಳಿಸಬೇಕು, ಕೊಲ್ಲಿಯ ಉಪ್ಪುನೀರನ್ನು ಪಂಪುಗಳಿಂದ ಏರಿಸುವ ಪ್ರತ್ಯೇಕ ವ್ಯವಸ್ಥೆ ಬೇಕು ಎಂದು ಸಲಿವನ್ ವರ್ಷವರ್ಷವೂ ಬೇಡಿದನು. ಹಣ ಮಂಜೂರಾಗಲಿಲ್ಲ. ನಗರವು ಇನ್ನೂ ಸುಟ್ಟುಹೋಗದಿರುವುದಕ್ಕೆ ದಳದ ಜಾಗರೂಕತೆಯೇ ಮುಖ್ಯ ಕಾರಣ, ಆದರೆ ಅದೊಂದನ್ನೇ ಎಂದೆಂದಿಗೂ ನಂಬಿರಲಾಗದು ಎಂಬರ್ಥದ ವರದಿಯನ್ನು ಅಗ್ನಿವಿಮೆಗಾರರ ರಾಷ್ಟ್ರೀಯ ಮಂಡಲಿ 1905ರಲ್ಲಿ ಪ್ರಕಟಿಸಿತು.

1906ನೆಯ ಏಪ್ರಿಲ್ 18ರ ಬೆಳಗ್ಗೆ 5 ಗಂಟೆ 12 ನಿಮಿಷಕ್ಕೆ ಭೂಮಿ ನಡುಗಿತು. ಸಲಿವನ್ ಪತ್ನಿಯೊಡನೆ ಬುಷ್ ಬೀದಿಯ ಅಗ್ನಿಶಾಮಕ ಠಾಣೆಯ ಮೇಲಂತಸ್ತಿನಲ್ಲೇ ವಾಸವಾಗಿದ್ದನು. ಪಕ್ಕದ ಕ್ಯಾಲಿಫೋರ್ನಿಯಾ ಹೋಟೆಲಿನ ಮೇಲ್ಭಾಗ ಕುಸಿದು ಠಾಣೆಯ ಚಾವಣಿಯನ್ನು ಸೀಳಿತು. ಪತ್ನಿಯ ಕೋಣೆಯತ್ತ ಧಾವಿಸಿದ ಸಲಿವನ್ ಬಾಯ್ದೆರೆದ ನೆಲದೊಳಗೆ ಬಿದ್ದು, ಗಾಯಗಳಿಂದಲೂ ಉಗಿಯ ಸುಡುವಿಕೆಯಿಂದಲೂ ಜರ್ಜರಿತನಾದನು. ಪತ್ನಿ ಬದುಕಿದಳು, ಅವನು ಏಪ್ರಿಲ್ 22ರಂದು ತೀರಿಕೊಂಡನು. ಆ ವೇಳೆಗೆ ನಗರದ ಸುಮಾರು 28,000 ಕಟ್ಟಡಗಳು ನಾಶವಾಗಿದ್ದುವು.

ಸಲಿವನ್ ಬದುಕಿದ್ದರೆ ನಗರ ಉಳಿಯುತ್ತಿತ್ತೆಂದು ಹೇಳುವವರುಂಟು. ಈ ಮಾತನ್ನು ಒಪ್ಪುವುದು ಕಷ್ಟ. ನೀರಿನ ಕೊಳವೆಗಳು ಬೀದಿಗಳಲ್ಲಿ ಸುಮಾರು 300 ಕಡೆ ಒಡೆದಿದ್ದುವು. ಅಧಿಕಾರ ವಹಿಸಿಕೊಂಡ ಜಾನ್ ಡೊಹರ್ಟಿಯಲ್ಲಾಗಲಿ ಅವನ ಜನರಲ್ಲಾಗಲಿ ಧೈರ್ಯದ ಕೊರತೆಯಿರಲಿಲ್ಲ. ಇದ್ದುದು ನೀರಿನ ಕೊರತೆ. ಒಬ್ಬ ಸೇನಾನಿಯ ಅಭಾವದ ಮೇಲೆ ಹೊಣೆ ಹೊರಿಸಿದರೆ, ಬೇಕಾದಾಗ ಹಣ ಕೊಡದವರ ಹೊಣೆ ಮರೆಯಾಗುತ್ತದೆ. ಬ್ಯಾಂಕಿನ ಲೆಕ್ಕ ಬಲ್ಲವರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು: ಮುಂದೂಡಿದ ವೆಚ್ಚ ಉಳಿತಾಯವಲ್ಲ, ಬಡ್ಡಿ ಏರುತ್ತಿರುವ ಸಾಲ.

ಆ ಸಾಲವನ್ನು ನಗರ ಕೊನೆಗೆ ತೀರಿಸಿತು. 1908ರಲ್ಲಿ ಮತದಾರರು 52 ಲಕ್ಷ ಡಾಲರುಗಳ ಸಾಲಪತ್ರಕ್ಕೆ ಒಪ್ಪಿಗೆಯಿತ್ತರು. 1913ರ ಹೊತ್ತಿಗೆ ಪ್ರತ್ಯೇಕ ಕೊಳವೆಗಳು, ಬೆಟ್ಟದ ಮೇಲಿನ ಜಲಾಶಯ, ಉಪ್ಪುನೀರಿನ ಪಂಪುಮನೆಗಳು ಸಿದ್ಧವಾದುವು. 1909ರ ಎರಡು ಅಗ್ನಿನೌಕೆಗಳಲ್ಲಿ ಒಂದಕ್ಕೆ ಸ್ಕ್ಯಾನಲ್ಲನ ಹೆಸರನ್ನೂ ಇನ್ನೊಂದಕ್ಕೆ ಸಲಿವನ್ನನ ಹೆಸರನ್ನೂ ಇಟ್ಟರು. 1989ನೆಯ ಅಕ್ಟೋಬರ್ 17ರ ಭೂಕಂಪದಲ್ಲಿ ಈ ವ್ಯವಸ್ಥೆಯ ಕೊಳವೆಗಳೂ ಕೆಲವೆಡೆ ಒಡೆದಾಗ, ಮರೀನಾ ಪ್ರದೇಶವನ್ನು ಕಾಪಾಡಿದ್ದು ಫೀನಿಕ್ಸ್ ಎಂಬ ನೌಕೆ ಕೊಲ್ಲಿಯಿಂದ ಎತ್ತಿದ ಉಪ್ಪುನೀರು.

ಸಲಿವನ್ನನ ಶೌರ್ಯವನ್ನು ಏಪ್ರಿಲ್ 18ರ ಆ ಕ್ಷಣಗಳಲ್ಲಿ ಮಾತ್ರ ಹುಡುಕಬಾರದು. ಅದು ಹದಿಮೂರು ವರ್ಷ, ಯಾರೂ ಕಿವಿಗೊಡದಿದ್ದರೂ, ಅದೇ ಬೇಡಿಕೆಯನ್ನು ಮತ್ತೆ ಮತ್ತೆ ಬರೆದ ಲೇಖನಿಯಲ್ಲಿದೆ.