ಹಸು ಹಚ್ಚಿಕೊಂಡಾಗ

ನನ್ನ ದೊಡ್ಡಪ್ಪ ಸೀರೆ ಉಟ್ಟು ಕೊಟ್ಟಿಗೆಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ತೀರ್ಥಹಳ್ಳಿ ಸೀಮೆಯ ಮನೆ, ಜಡಿಮಳೆಯ ಬೆಳಗು. ದೊಡ್ಡಮ್ಮನಿಗೆ ಹೊಟ್ಟೆಯ ಆಪರೇಷನ್ ಆಗಿ ಅವರು ಆಸ್ಪತ್ರೆಯಲ್ಲಿದ್ದರು. ಕೊಟ್ಟಿಗೆಯಲ್ಲಿ ಕೌಲೆ ಎಂಬ ಹಸುವಿತ್ತು. ಮಲೆನಾಡು ಗಿಡ್ಡ ತಳಿಯದು, ನಿಂತರೆ ಬೆನ್ನು ನಮ್ಮ ಸೊಂಟದ ಮಟ್ಟಕ್ಕೆ ಬರುವಷ್ಟು ಪುಟ್ಟದು. ಎರಡು ದಿನದಿಂದ ಅದು ತಂಬಿಗೆಗೆ ಒಂದು ತೊಟ್ಟು ಹಾಲು ಬಿಟ್ಟಿರಲಿಲ್ಲ. ಕರು ಬಾಯಿ ಹಾಕಿದರೆ ಹಾಲಿಳಿಸುತ್ತಿತ್ತು. ಕರುವನ್ನು ಎಳೆದು ಕಟ್ಟಿ ದೊಡ್ಡಪ್ಪ ಕೂತರೆ ಸಾಕು, ಇಳಿಸಿದ್ದನ್ನು ಮತ್ತೆ ಏರಿಸಿಕೊಳ್ಳುತ್ತಿತ್ತು.

ಮೂರನೆಯ ದಿನ ದೊಡ್ಡಪ್ಪ ಗಳುವಿನ ಮೇಲಿದ್ದ ದೊಡ್ಡಮ್ಮನ ಸೀರೆಯನ್ನು, ಒಗೆಯದೆ ಉಳಿದದ್ದನ್ನೇ ಹುಡುಕಿ, ಪಂಚೆಯ ಮೇಲೆ ಸುತ್ತಿಕೊಂಡರು. ತಲೆಯ ಮೇಲೆ ಸೆರಗು ಹೊದ್ದರು. ಮನೆಯಲ್ಲಿ ಯಾರೂ ನಗಲಿಲ್ಲ. ಕೌಲೆ ಕತ್ತು ತಿರುಗಿಸಿ ಸೆರಗನ್ನು ಮೂಸಿತು, ಒಮ್ಮೆ ನೆಕ್ಕಿತು, ನಿಂತಿತು. ಅರ್ಧ ತಂಬಿಗೆ ಹಾಲಾಯಿತು. ಹೊರಗೆ ಬಂದ ದೊಡ್ಡಪ್ಪ ಹೇಳಿದ್ದು ಇಷ್ಟೇ: ‘ಅದು ಅವಳನ್ನ ಹಚ್ಕಂಡಿದೆ. ನಾನೇನು ಮಾಡ್ಲಿ ಮಾರಾಯ?’

ಅಂದಿನಿಂದ ‘ಹಚ್ಚಿಕೊಳ್ಳು’ ಎಂಬ ಮಾತು ನನ್ನೊಳಗೆ ಉಳಿದುಬಿಟ್ಟಿದೆ.

‘ಹಚ್ಚು’ ಎಂಬುದು ದಿನ ಬೆಳಗಾದರೆ ಬಾಯಿಗೆ ಬರುವ ಕ್ರಿಯಾಪದ. ದೀಪ ಹಚ್ಚುತ್ತೇವೆ. ತಲೆಗೆ ಎಣ್ಣೆ, ಗೋಡೆಗೆ ಸುಣ್ಣ, ಗಾಯಕ್ಕೆ ಮುಲಾಮು ಹಚ್ಚುತ್ತೇವೆ. ಧಾರವಾಡದ ಕಡೆ ಹೋದರೆ ಮಗುವನ್ನು ಸಾಲಿಗೆ ಹಚ್ಚುತ್ತಾರೆ, ಹಿತ್ತಲಲ್ಲಿ ಗಿಡ ಹಚ್ಚುತ್ತಾರೆ, ದೂರದೂರಿನ ಮಗಳಿಗೆ ಫೋನ್ ಹಚ್ಚುತ್ತಾರೆ. ಇಬ್ಬರ ನಡುವೆ ಜಗಳ ಹಚ್ಚುವವರೂ ಇದ್ದಾರೆ. ಬತ್ತಿಗೆ ಬೆಂಕಿ, ಕೂದಲಿಗೆ ಎಣ್ಣೆ, ಮಣ್ಣಿಗೆ ಸಸಿ, ಮಗುವಿಗೆ ಶಾಲೆ: ಬೇರೆಬೇರೆ ಇದ್ದ ಎರಡನ್ನು ತಾಗಿಸಿ, ತಾಗಿದ್ದು ಹಿಡಿದುಕೊಳ್ಳುವಂತೆ ಮಾಡುವುದೇ ಇವೆಲ್ಲದರ ಒಳಗಿರುವ ಅರ್ಥ.

ಇದಕ್ಕೊಂದು ಜೋಡಿ ಪದವಿದೆ, ‘ಹತ್ತು’. ಬೆಂಕಿ ಹತ್ತಿತು, ಕೈಗೆ ಮಸಿ ಹತ್ತಿತು, ಹುಚ್ಚು ಹತ್ತಿತು. ತಾನಾಗಿ ಆದರೆ ಹತ್ತುವುದು, ಯಾರಾದರೂ ಮಾಡಿದರೆ ಹಚ್ಚುವುದು. ಹಳಗನ್ನಡದಲ್ಲಿ ಇವು ಪಕಾರದಲ್ಲಿದ್ದವು. ಪಾಲು ಹಾಲಾದ ಹಾಗೆ ‘ಪತ್ತು’ ಎಂಬುದು ‘ಹತ್ತು’ ಆಯಿತು, ‘ಪಚ್ಚು’ ಎಂಬುದು ‘ಹಚ್ಚು’ ಆಯಿತು. ತಮಿಳಿನಲ್ಲಿ ಇದೇ ಬೇರಿನ ‘ಪಟ್ರು’ ಎಂಬ ಪದ ಇಂದಿಗೂ ಮಮತೆ, ಒಲವು ಎಂಬ ಅರ್ಥದಲ್ಲಿ ಬಳಕೆಯಲ್ಲಿದೆ. ನಾಡಿನ ಮೇಲಿನ ಅಭಿಮಾನಕ್ಕೂ ಅವರು ಅದನ್ನೇ ಹೇಳುತ್ತಾರೆ. ಕನ್ನಡ ಆ ಮಮತೆಯನ್ನು ಪಡೆದದ್ದು ‘ಕೊಳ್ಳು’ ಎಂಬ ಬಾಲವನ್ನು ಸೇರಿಸಿ. ಎಣ್ಣೆ ಹಚ್ಚಿದಳು ಎಂದರೆ ಇನ್ನೊಬ್ಬರ ತಲೆಗೆ, ಹಚ್ಚಿಕೊಂಡಳು ಎಂದರೆ ತನ್ನದೇ ತಲೆಗೆ. ಹಾಗಾದರೆ ‘ಹಸು ದೊಡ್ಡಮ್ಮನನ್ನು ಹಚ್ಚಿಕೊಂಡಿದೆ’ ಎಂಬ ವಾಕ್ಯದಲ್ಲಿ ಹಚ್ಚಿದವರು ಯಾರು? ಹಸು. ಯಾರಿಗೆ? ತನಗೆ. ಏನನ್ನು? ದೊಡ್ಡಮ್ಮನನ್ನು! ಎಣ್ಣೆಯ ಹಾಗೆ, ಅರಿಶಿನದ ಹಾಗೆ, ಹಸು ಒಬ್ಬ ಹೆಂಗಸನ್ನು ತನ್ನ ಜೀವಕ್ಕೆ ಸವರಿಕೊಂಡಿದೆ. ಈ ವಾಕ್ಯದ ಕರ್ತೃ ಹಸುವೇ. ನಾವು ಅಲ್ಲಿ ಬರಿಯ ಕರ್ಮಪದ.

ಹಸುವಿನ ಬಗ್ಗೆ ಹೇಳುವ ಇತರ ಮಾತುಗಳು ಹೀಗಿಲ್ಲ. ಪಳಗಿದ ಹಸು ಎನ್ನುತ್ತೇವೆ. ಪಳಗಿಸಿದವರು ನಾವು, ಮೂಗುದಾರ, ಹಗ್ಗ, ದಿನದಿನದ ರೂಢಿ ಸೇರಿ ಆಗುವ ಕೆಲಸ ಅದು. ಒಗ್ಗಿದೆ ಎನ್ನುತ್ತೇವೆ. ಹೊಸ ಕೊಟ್ಟಿಗೆಗೆ, ಹೊಸ ಮೇವಿಗೆ, ಹಾಲು ಕರೆಯುವ ಯಂತ್ರಕ್ಕೆ ಮೈ ಒಗ್ಗುತ್ತದೆ. ಪಳಗಿದ ಹಸು ಯಾರಿಗಾದರೂ ಹಾಲು ಕೊಡುತ್ತದೆ. ಹಚ್ಚಿಕೊಂಡ ಹಸು ಕೊಡುವುದಿಲ್ಲ. ದನದ ಸಂತೆಯಲ್ಲಿ ದಲ್ಲಾಳಿ ಮೊದಲು ಹೊಗಳುವುದು ಹಾಲಿನ ಲೆಕ್ಕವನ್ನು, ಆಮೇಲೆ ‘ಯಾರು ಕೂತರೂ ಹಾಲು ಕೊಡ್ತದೆ, ಮಗು ಕೂಡ ಕರೀಬಹುದು’ ಎಂಬ ಗುಣವನ್ನು. ಸಂತೆಯಲ್ಲಿ ಬೆಲೆಯಿರುವುದು ಪಳಗಿದ್ದಕ್ಕೆ. ಹಚ್ಚಿಕೊಳ್ಳುವುದು ಅಲ್ಲಿ ದೋಷ.

ಪಳಗುವುದಕ್ಕೂ ಹಚ್ಚಿಕೊಳ್ಳುವುದಕ್ಕೂ ಇರುವ ದೂರ ಅಮೃತ ಮಹಲ್ ತಳಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿ, ಮುಂದೆ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ಈ ದನಗಳು ಕಾವಲುಗಳ ಬಯಲಲ್ಲಿ ಬೆಳೆದಂಥವು. ಗುರುತಿಲ್ಲದವರನ್ನು ಹತ್ತಿರ ಬಿಟ್ಟುಕೊಳ್ಳದ ಕಿಡಿಗಣ್ಣಿನ ತಳಿಯೆಂದೇ ಅವು ಹೆಸರಾಗಿವೆ; ಅವನ್ನು ಪಳಗಿಸುವುದು ಸುಲಭವಲ್ಲ. ಆದರೆ ಹುಟ್ಟಿದಾಗಿನಿಂದ ಜೊತೆಗಿದ್ದು ಕಾಯುವವನ ದನಿಗೆ ಅವೇ ಕಿವಿ ನಿಮಿರಿಸುತ್ತವೆ. ಎಲ್ಲರಿಗೂ ಪಳಗದ ಜೀವ ಒಬ್ಬನನ್ನು ಹಚ್ಚಿಕೊಳ್ಳಬಲ್ಲದು.

ಹಸು ಹಚ್ಚಿಕೊಳ್ಳುವುದು ಹೇಗೆ? ಅದರ ನಾಲಗೆಯನ್ನು ನೋಡಬೇಕು. ಈದ ಕೂಡಲೇ ತಾಯಿ ಕರುವನ್ನು ಅಡಿಯಿಂದ ಮುಡಿಯವರೆಗೆ ನೆಕ್ಕುತ್ತದೆ. ಆ ಮೊದಲ ಗಂಟೆಗಳಲ್ಲೇ ಕರುವಿನ ವಾಸನೆ ತಾಯಿಯೊಳಗೆ ಇಳಿದುಬಿಡುತ್ತದೆ. ದೊಡ್ಡವಾದ ಮೇಲೂ ದನಗಳು ತಮಗೆ ಬೇಕಾದ ಜೊತೆಗಾರರ ಕತ್ತು, ತಲೆ ನೆಕ್ಕುತ್ತವೆ. ತಾಯಿ ಸತ್ತು ತಬ್ಬಲಿಯಾದ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದವರನ್ನು ಕೇಳಿ ನೋಡಿ. ಆ ಕರು ಬೆಳೆದು ಹಸುವಾದರೂ ಅಂಗಳದಿಂದ ಅಡುಗೆಮನೆಯ ಬಾಗಿಲವರೆಗೆ ಅವರ ಹಿಂದೆಯೇ ಬರುತ್ತದೆ. ನೆಕ್ಕುವುದೂ ಒಂದು ಬಗೆಯ ಹಚ್ಚುವಿಕೆಯೇ. ನಾವು ಅರಿಶಿನ ಹಚ್ಚಿ ನಮ್ಮವರು ಎನ್ನುತ್ತೇವೆ, ಅದು ಎಂಜಲು ಹಚ್ಚಿ ನನ್ನವರು ಎನ್ನುತ್ತದೆ.

ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಬೇರೊಂದು ದಾರಿಯಿಂದ ಮುಟ್ಟಿದೆ. ಹಸುವಿನ ಮೈಯ ಬೇರೆಬೇರೆ ಭಾಗಗಳನ್ನು ಸವರಿ ನೋಡಿದಾಗ, ದನಗಳು ಪರಸ್ಪರ ನೆಕ್ಕುವ ಕತ್ತಿನ ಭಾಗವನ್ನು ಸವರಿದರೆ ಅವು ಹೆಚ್ಚಾಗಿ ಕತ್ತು ಚಾಚಿ, ಕಿವಿ ಇಳಿಬಿಟ್ಟು ನಿಂತವು. ಕೊಟ್ಟಿಗೆಗೆ ಹೋದ ಯಾರಾದರೂ ಮೊದಲು ಗಂಗೆದೊಗಲನ್ನು ಕೆರೆಯುವುದು ಅದಕ್ಕೇ. 2020ರಲ್ಲಿ ಅಲ್ಲಿಯವರೇ ಇನ್ನೊಂದನ್ನು ನೋಡಿದರು: ಸವರುವಾಗ, ರೆಕಾರ್ಡ್ ಮಾಡಿದ ದನಿಯನ್ನು ಕೇಳಿಸುವುದಕ್ಕಿಂತ, ಎದುರಿಗಿದ್ದು ಬಾಯಿಬಿಟ್ಟು ಮಾತಾಡಿಸಿದಾಗ ಕಡಸುಗಳು ಹೆಚ್ಚು ನಿರಾಳವಾಗಿದ್ದವು.

ಹಾಲು ಏರಿಸಿಕೊಳ್ಳುವುದೂ ಹಸುವಿನ ಹಟವಲ್ಲ. ಕರುವಿನ ಬಾಯಿಯೋ ಪರಿಚಯದ ಕೈಯೋ ತಾಗಿದಾಗ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಇಳಿದು, ಕೆಚ್ಚಲಿನ ಒಳಗಿನ ಹಾಲನ್ನು ಮೊಲೆಗೆ ನೂಕುತ್ತದೆ. ಭಯವಾದರೆ ಬರುವ ಅಡ್ರಿನಲಿನ್ ಅದನ್ನು ತಡೆಯುತ್ತದೆ. 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹಿಂದೆ ತಮ್ಮನ್ನು ಒರಟಾಗಿ ನಡೆಸಿಕೊಂಡ ಮನುಷ್ಯ ಹಾಲು ಕರೆಯುವಾಗ ಹತ್ತಿರ ನಿಂತದ್ದಕ್ಕೇ ಹಸುಗಳ ಕೆಚ್ಚಲಲ್ಲಿ ಉಳಿದುಹೋದ ಹಾಲು ಶೇ. 70ರಷ್ಟು ಹೆಚ್ಚಿತು. ಕೌಲೆ ದೊಡ್ಡಪ್ಪನಿಗೆ ಹಾಲು ಕೊಡುವುದಿಲ್ಲ ಎಂದು ತೀರ್ಮಾನಿಸಿರಲಿಲ್ಲ. ದೊಡ್ಡಮ್ಮನಿಲ್ಲದ ಕೊಟ್ಟಿಗೆಯಲ್ಲಿ ಅದಕ್ಕೆ ಕೊಡಲು ಆಗಲಿಲ್ಲ.

ಇಲ್ಲಿ ಕನ್ನಡದ ಇನ್ನೊಂದು ಪದ ನೆನಪಾಗುತ್ತದೆ: ಕರೆ. ಹಸುವನ್ನು ಹೆಸರು ಹಿಡಿದು ಕರೆಯುತ್ತೇವೆ, ಹಾಲನ್ನೂ ಕರೆಯುತ್ತೇವೆ. ಹಳಗನ್ನಡದಲ್ಲಿ ಇವೆರಡೂ ಬೇರೆ. ಕೂಗುವ ‘ಕರೆ’ಗೆ ಸಾದಾ ರಕಾರ, ಹಾಲಿನ ‘ಕಱೆ’ಗೆ ಶಕಟರೇಫ. ಆ ಅಕ್ಷರ ಬಳಕೆ ತಪ್ಪಿ ಎರಡೂ ಒಂದೇ ಆಗಿ ಕೂತವು. ಗೋವಿನ ಹಾಡಿನಲ್ಲಿ ಕಾಳಿಂಗನೆಂಬ ಗೊಲ್ಲ ಮಾವಿನ ಮರದಡಿ ಕೂತು ಒಂದೊಂದು ಹಸುವನ್ನೂ ಅದರದರ ಹೆಸರಿಂದ ಕರೆದದ್ದು ನಮಗೆಲ್ಲ ಎಳವೆಯಿಂದ ಗೊತ್ತು. 2009ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಸಂಶೋಧಕರು 516 ಮಂದಿ ಹೈನುಗಾರರನ್ನು ಕೇಳಿ ಕಂಡುಕೊಂಡದ್ದು ಗೊಲ್ಲನ ಆ ರೂಢಿಯ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಹಸುಗಳನ್ನು ಹೆಸರಿನಿಂದ ಕರೆಯುವವರ ಕೊಟ್ಟಿಗೆಯಲ್ಲಿ ಹಸುವೊಂದಕ್ಕೆ ವರ್ಷಕ್ಕೆ ಸರಾಸರಿ 258 ಲೀಟರ್ ಹಾಲು ಹೆಚ್ಚು. ಹೆಸರಿನಲ್ಲೇ ಮಂತ್ರವಿದೆ ಎಂದಲ್ಲ. ಹೆಸರು ಹಿಡಿದು ಕರೆಯುವವರು ಹಸುವನ್ನು ಒಂದೊಂದಾಗಿ ನೋಡುತ್ತಾರೆ, ಮುಟ್ಟುತ್ತಾರೆ, ಅದರ ನೋವು ಬೇಗ ತಿಳಿಯುತ್ತಾರೆ.

ವರ್ಷಕ್ಕೊಮ್ಮೆ, ದೀಪಾವಳಿಯಲ್ಲಿ, ‘ಹಚ್ಚು’ ಎಂಬ ಪದ ಮನೆ ತುಂಬ ಓಡಾಡುತ್ತದೆ. ಮೊದಲು ಎಲ್ಲರ ತಲೆಗೆ ಎಣ್ಣೆ ಹಚ್ಚುವುದು, ಸಂಜೆ ಹಣತೆ ಹಚ್ಚುವುದು, ಗೋಪೂಜೆಯ ದಿನ ಹಸುವಿನ ಹಣೆಗೆ ಅರಿಶಿನ ಕುಂಕುಮ ಹಚ್ಚುವುದು. ಮಲೆನಾಡಿನಲ್ಲಿ ಕೆಮ್ಮಣ್ಣು, ಜೇಡಿ ಕಲಸಿ ಹಸುವಿನ ಮೈ ತುಂಬ ದುಂಡು ಮುದ್ರೆ ಒತ್ತುತ್ತಾರೆ. ಆ ಬಣ್ಣ ನಾಲ್ಕು ಮಳೆಗೆ, ನಾಲ್ಕು ಸಲ ಹೊಳೆಗಿಳಿದರೆ ಹೋಗುತ್ತದೆ. ನಾವು ಹಚ್ಚಿದ್ದು ಅಷ್ಟು ದಿನದ್ದು. ವರ್ಷದ ಉಳಿದ ದಿನಗಳಲ್ಲೆಲ್ಲ ಹಚ್ಚಿಕೊಳ್ಳುವ ಕೆಲಸ ಹಸುವಿನದು.

ಹಚ್ಚಿದ್ದಕ್ಕೆಲ್ಲ ಎದುರು ಪದವಿದೆ. ದೀಪ ಆರಿಸಬಹುದು, ಎಣ್ಣೆ ತೊಳೆಯಬಹುದು, ಗಿಡ ಕೀಳಬಹುದು, ಶಾಲೆ ಬಿಡಿಸಬಹುದು. ಹಚ್ಚಿಕೊಂಡದ್ದಕ್ಕೆ? ನಾನು ತುಂಬ ಹುಡುಕಿದ್ದೇನೆ. ನಮ್ಮ ನುಡಿ ಅದಕ್ಕೊಂದು ನೇರವಾದ ಎದುರು ಪದವನ್ನು ಕೊಟ್ಟಿಲ್ಲ. ಆದ್ದರಿಂದ ಹಸುವೊಂದು ಹಚ್ಚಿಕೊಂಡ ಮೇಲೆ, ಅದನ್ನು ಬಿಡಿಸುವ ಹೊಣೆ ಪೂರ್ತಿ ನಮ್ಮ ತಲೆಯ ಮೇಲೆ ಬರುತ್ತದೆ ಎಂದು ನಾನು ನಂಬಿದ್ದೇನೆ.

ಆಪರೇಷನ್ ಆದ ಮರುವರ್ಷ ದೊಡ್ಡಮ್ಮನಿಗೆ ಕುಕ್ಕರಗಾಲಲ್ಲಿ ಕೂರುವುದು ಆಗದೆ, ಕೌಲೆಯನ್ನು ಕೊಡುವುದೆಂದಾಯಿತು. ಕೊಳ್ಳಲು ಬಂದವರು ಪಕ್ಕದ ಊರಿನ ಗಂಡ ಹೆಂಡತಿ. ಕೇಳಬೇಕಾದ್ದನ್ನೇ ಕೇಳಿದರು: ‘ಯಾರು ಕೂತ್ರೂ ಹಾಲು ಕೊಡ್ತದಾ ಅಮ್ಮಾ?’ ದೊಡ್ಡಮ್ಮ ಸುಳ್ಳು ಹೇಳಲಿಲ್ಲ. ‘ಇಲ್ಲ. ಅದು ನನ್ನ ಹಚ್ಕಂಡಿದೆ.’ ಆ ಒಂದು ಮಾತಿಗೆ ಬೆಲೆ ಇಳಿಯಿತು. ದೊಡ್ಡಪ್ಪನೂ ತುಟಿ ಬಿಚ್ಚಲಿಲ್ಲ. ಹಸುವನ್ನು ಕೊಂಡವರು ಅವರು; ಆದರೆ ಹಚ್ಚಿಕೊಳ್ಳುವುದರ ಒಳಗಿರುವ ಆ ‘ಕೊಳ್ಳು’ ಹಸುವಿನದು, ಅದು ದುಡ್ಡಿಗೆ ಸಿಗುವಂಥದ್ದಲ್ಲ.

ನಮ್ಮ ಮನೆಯಲ್ಲಿ ದನ ಕೊಟ್ಟರೆ ಹಗ್ಗ ಕೊಡುವ ಪದ್ಧತಿಯಿಲ್ಲ. ಬಂದವರು ತಮ್ಮ ಹಗ್ಗ ತಂದಿದ್ದರು. ಕೌಲೆಯ ಹಗ್ಗ ಗೂಟದಲ್ಲೇ ಉಳಿಯಿತು. ದೊಡ್ಡಮ್ಮ ಒಳಗೆ ಹೋಗಿ, ಹಿಂದಿನ ದಿನ ಉಟ್ಟು ಬಿಚ್ಚಿದ ಸೀರೆಯನ್ನು ಮಡಚಿ ತಂದು ಆ ಹೆಂಗಸಿನ ಕೈಗೆ ಕೊಟ್ಟರು. ‘ಇದನ್ನ ಒಗೀಬೇಡ ಮಗಾ. ಹಾಗೇ ಉಟ್ಕಂಡು ಕೂತ್ಕ. ಕತ್ತಿನ ಕೆಳಗೆ ಕೆರೀತಾ ಮಾತಾಡು. ಹೆಸರು ಕರಿ.’ ನಾವು ಕಟ್ಟಿದ ಹಗ್ಗ ಮನೆಯಲ್ಲೇ ಉಳಿದು, ಅದು ಹಚ್ಚಿಕೊಂಡಿದ್ದ ವಾಸನೆ ಅದರ ಜೊತೆಗೆ ಹೋಯಿತು.

ತಿಂಗಳ ಮೇಲೆ ಆ ಹೆಂಗಸಿನ ಫೋನ್ ಬಂತು. ‘ಸೀರೆ ಬೇಡ ಅಮ್ಮ ಈಗ. ನನ್ನನ್ನೇ ಹಚ್ಕಂಡಿದೆ.’ ದೊಡ್ಡಮ್ಮ ಒಳ್ಳೇದಾಯ್ತು ಎಂದರು, ಮತ್ತೊಮ್ಮೆ ಒಳ್ಳೇದಾಯ್ತು ಎಂದರು. ಫೋನ್ ಇಟ್ಟು ಕೊಟ್ಟಿಗೆಗೆ ಹೋಗಿ, ಗೂಟದಲ್ಲಿ ಹಾಗೇ ಬಿಟ್ಟಿದ್ದ ಹಗ್ಗವನ್ನು ಬಿಚ್ಚಿ, ಸುತ್ತಿ, ಅಟ್ಟದ ಮೇಲಿಟ್ಟರು.