ಕೇಳಿದವನಾರು, ಬರೆದವನಾರು?

ಕ್ರಿ.ಶ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮದರಾಸಿನಿಂದ ಹೊರಟು, ಮೈಸೂರು, ಕೆನರಾ, ಮಲಬಾರು ಸೀಮೆಗಳಲ್ಲಿ ಸಂಚರಿಸಿ, ಬಿತ್ತನೆ, ಕಾಡುಮರ, ಅಡಕೆತೋಟಗಳ ವಿವರವನ್ನು ಒಕ್ಕಲುಮಕ್ಕಳಿಂದ ಕೇಳಿ ಬರೆದುಕೊಂಡನು. ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹೇಳಿದವರಿಗೆ ತಿಳಿಯದ ಭಾಷೆಯಲ್ಲಿ! ಆತನ ಶ್ರಮವನ್ನು ಹಳಿಯಲಾರೆವು. ಆದರೂ ಪ್ರಶ್ನೆಯು ದೊರೆತನದ್ದು, ಉತ್ತರ ಮಾತ್ರ ರೈತನದು.

ಸುಮಾರು ಎರಡು ಶತಮಾನಗಳ ತರುವಾಯ ಮಾಧವ ಗಾಡ್ಗೀಳರೂ ಅವರ ಸಂಗಡಿಗರೂ ಈ ಕ್ರಮವನ್ನು ತಿರುಗಿಸಿದರು. ಊರವರೇ ತಮ್ಮ ಗಿಡಮೂಲಿಕೆ, ಮೀನು, ಹಳ್ಳಗಳನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಯು ಹೀಗೆ ಹುಟ್ಟಿತು. 2002ರ ಕಾಯಿದೆಯ ಬೆಂಬಲವೂ ಒದಗಿತು. ಆದರೆ ರಾಷ್ಟ್ರೀಯ ಹಸಿರು ನ್ಯಾಯಪೀಠವು 2020ರ ಜನವರಿ 31ರ ಗಡುವನ್ನು ವಿಧಿಸಲು, ಆರು ಋತುಗಳನ್ನು ಕಂಡು ಬರೆಯತಕ್ಕುದು ಆತುರದ ಬರೆಹವಾಯಿತೆಂಬ ಆಕ್ಷೇಪವೆದ್ದಿತು. ಮಗುವಿಗೆ ಅಳಲೆಕಾಯಿ ತೇಯುವ ಅಜ್ಜಿಯನ್ನು ಕೇಳದೆ ತುಂಬಿದ ಪುಟಕ್ಕಿಂತ ಬುಕಾನನ್ನನದೇ ಮೇಲು. ಅವನಾದರೂ ಊರೂರಿಗೆ ಹೋಗಿ ಕೇಳಿದ್ದನು.